ಮೂರು ಉಸಿರಿನ ಗಾಡಿ

ನಂಬಬೇಡಿ. ನಂಬಿದಿರಿ ಎಂದರೆ ನಿಮ್ಮ ಬುದ್ಧಿಯ ಮೇಲೆ ನನಗೇ ಅನುಮಾನ ಬರುತ್ತದೆ. ಒಂದು ಹಳೆಯ ಕಾರಿನ ಹೊಟ್ಟೆಯಲ್ಲಿ ಯಾವ ಜಾತಿಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೂತಿದೆ ಎಂದು ಕಂಪ್ಯೂಟರ್ ಹೇಳಲಿಲ್ಲ, ಕಂಪನಿಯವರು ಹೇಳಲಿಲ್ಲ, ಗಾಡಿಯ ಮೇಲೆ ಬರೆದದ್ದಂತೂ ಸುಳ್ಳನ್ನೇ ಹೇಳಿತು. ಕಡೆಗೆ ನಿಜ ಹೊರಬಿದ್ದದ್ದು ಗಾಡಿಯ ಒಡತಿ ನನ್ನ ಶೆಡ್ಡಿನಲ್ಲಿ ಕೂತು ಬಾಯಿಂದ ‘ಊಂ’ ಎಂದು ಸದ್ದು ಮಾಡಿದಾಗ. ಕೊಲ್ಲಾಪುರದ ಉದ್ಯಮನಗರದಲ್ಲಿ ಇದನ್ನು ಹೇಳಿದರೆ ಚಹಾದ ಅಂಗಡಿಯವನು ಇವತ್ತಿಗೂ ಕೈಯಲ್ಲಿದ್ದ ಗ್ಲಾಸು ಕೆಳಗಿಟ್ಟು ನಗುತ್ತಾನೆ. ನೀವೂ ನಗಿ. ನಕ್ಕು ಮುಗಿದ ಮೇಲೆ ಮುಂದೆ ಓದಿ.

ಜನ ನನ್ನನ್ನು ನಂಬದಿರುವುದಕ್ಕೆ ಕಾರಣವಿದೆ. ಈ ವಯಸ್ಸಿನಲ್ಲೂ ನನ್ನ ಕೈಗಿಂತ ನಾಲಿಗೆ ಚುರುಕು. ಹೊಸ ಗಿರಾಕಿ ಬಂದರೆ ‘ಹಾರ್ನಿನ್ಯಾಗ ನೀರು ಕಡಿಮಿ ಆಗ್ಯಾವ್ರಿ’ ಎಂದು ಚೊಂಬು ಕೊಟ್ಟು ನಲ್ಲಿಗೆ ಕಳಿಸಿದವನು ನಾನು. ಪಕ್ಕದ ಶೆಡ್ಡಿನ ವೆಲ್ಡರನನ್ನು ನಟ್ಟು ಬಿಚ್ಚುವ ಎಡಗೈಯವರ ಪಾನಾ ಹುಡುಕಲು ಪೇಟೆಯೆಲ್ಲ ಸುತ್ತಿಸಿದ್ದೇನೆ. ಆದರೆ ಹಳೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ, ಒಂದು ನಟ್ಟೂ ಮಿಗದಂತೆ ಕೊಡುವವನು ಈ ಭಾಗದಲ್ಲಿ ನಾನೊಬ್ಬನೇ. ಮಿಕ್ಕವರಿಗೆ ನಟ್ಟು ಮಿಗುತ್ತದೆ. ಬೇಕಾದರೆ ಅವರ ಅಂಗಡಿಯ ಡಬ್ಬಿಗಳನ್ನು ಇಣುಕಿ ನೋಡಿ.

ದಸರೆ ಮುಗಿದು ದೀಪಾವಳಿ ಇನ್ನೂ ಬಂದಿರಲಿಲ್ಲ. ಗಡಹಿಂಗ್ಲಜದಿಂದ ಒಂದು ಬಿಳಿ ಕಾರು ಕ್ರೇನಿಗೆ ಮೂತಿ ಸಿಕ್ಕಿಸಿಕೊಂಡು ನನ್ನ ಶೆಡ್ಡಿನ ಮುಂದೆ ಬಂದು ಇಳಿಯಿತು. ಬಂಪರಿನ ಮೇಲೆ ಖಂಡೇನವಮಿಯ ಆಯುಧಪೂಜೆಗೆ ಹಾಕಿದ ಚೆಂಡುಹೂವಿನ ಮಾಲೆ ಒಣಗಿ ಕರಕಲಾಗಿತ್ತು. ಕ್ರೇನಿನ ಕ್ಯಾಬಿನ್ನಿನಿಂದ ಮೊದಲು ಒಂದು ಊರುಗೋಲು ಇಳಿಯಿತು, ಅದರ ಹಿಂದೆ ಹಣೆತುಂಬ ವಿಭೂತಿ ಹಚ್ಚಿದ, ಐವತ್ತು ದಾಟಿದ ಹೆಂಗಸು. ಬೆಲ್ಲದ ವ್ಯಾಪಾರದವರು. ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಎಡಗಾಲು ಸೋತಿತ್ತು. ಕ್ಲಚ್ ತುಳಿಯುವ ಗಾಡಿ ಅವರ ಪಾಲಿಗೆ ಇಲ್ಲ. ಎಡಗಾಲಿಗೆ ಕೆಲಸ ಹೇಳದ ಈ ಕಾರನ್ನು ಅವರು ಯಾವ ಕಾಲದಿಂದಲೋ ಓಡಿಸುತ್ತ ಬಂದಿದ್ದರು.

“ಏನಾತ್ರಿ ಅಕ್ಕಾರ?” ಎಂದೆ.

“ಮುಂದ ಹಾಕಿದ್ರ ಮುಂದ ಹೋಗೂದಿಲ್ಲ ಕಾಕಾ. ಒಳಗಿಂದ ಜೋರ್ ಒದರತೈತಿ, ಖರೆ ನಿಂತಲ್ಲೇ ನಿಂತಿರತೈತಿ. ಥೇಟ್ ನಮ್ಮ ಅಣ್ಣನ್ಹಂಗ.”

ಅಣ್ಣ ಹಿಂದೆಯೇ ಜೀಪಿನಲ್ಲಿ ಬಂದಿದ್ದರು. ಗಡಹಿಂಗ್ಲಜದಲ್ಲಿ ಕಬ್ಬು ಸಾಗಿಸುವ ಟ್ರಾಲಿ ಕಟ್ಟುವ ಶೆಡ್ಡು ಅವರದು. ಭುಜ ಅಗಲ, ದನಿ ಅದಕ್ಕಿಂತ ಅಗಲ.

“ಮಿಸ್ತ್ರಿ, ಇದನ್ನ ರಿಪೇರಿ ಮಾಡಬ್ಯಾಡ್ರಿ. ಗುಜರಿ ಭಂಗಾರದಾಂವಗ ಹೇಳಿ ಇಟ್ಟೇನಿ. ಮೊನ್ನಿ ಈಕಿ ನಡು ರಸ್ತಾದಾಗ ನಿಂತಿದ್ಲು, ಹಿಂದ ಕಬ್ಬು ತುಂಬಿದ ಟ್ರಾಲಿ. ಅದರ ಬ್ರೇಕ್ ಹತ್ತಿತು ಅಂತ ಉಳದಾಳ. ಹೊಸಾ ಗಾಡಿ ಕೊಡಸ್ತೀನಿ, ಡ್ರೈವರ್ನೂ ಇಡತೀನಿ ಅಂದ್ರ ಕೇಳವಲ್ಲಳು.”

“ಡ್ರೈವರ್ ಯಾಕಂತ ಕೇಳ್ರಿ ಕಾಕಾ,” ಅಕ್ಕ ನನ್ನ ಕಡೆ ತಿರುಗಿದರು. “ಬೆಲ್ಲ ಬೇಯಿಸೂ ಗುರ್ಹಾಳಕ್ಕ, ಹಲಕರ್ಣಿ ತನಕಾ, ಬೆಳಕ ಹರಿಯೂದ್ರಾಗ ಹೋಗಿ, ಬಿಸಿ ಬೆಲ್ಲ ನಾಲಿಗಿ ಮ್ಯಾಲ ಇಟ್ಟ ನೋಡಿ ಮಾತ ಕೊಟ್ಟ ಬರಾಕಿ ನಾ. ಡ್ರೈವರ್ ಬಂದಾ ಅಂದ್ರ, ನಾ ಎಲ್ಲಿ ಹೋಗಾಕತ್ತೇನಿ ಅಂತ ಅಂವಾ ಚಾದ ಅಂಗಡ್ಯಾಗ ಹೇಳ್ತಾನ. ನಾ ಮುಟ್ಟೂದ್ರಾಗ ಬೆಲ್ಲ ಬ್ಯಾರೆಯವರ ಪಾಲು. ಆಮ್ಯಾಲ ನಾ ಮನ್ಯಾಗ ಕುಂತ ಏನ್ ಮಾಡ್ಲಿ, ಅಣ್ಣನ ಮಾರಿ ನೋಡ್ಲ್ಯಾ?”

ಅಣ್ಣ ತಂಗಿಯ ಮಧ್ಯೆ ನನ್ನ ಶೆಡ್ಡಿನಲ್ಲೇ ಕರಾರು ಆಯಿತು. ಬರುವ ಸೋಮವಾರ ಈ ಗಾಡಿ ತನ್ನ ಚಕ್ರದ ಮೇಲೆ ತಾನೇ ಓಡಿ, ಮುರಗೂಡದ ಆಚೆಯ ಚಡಾವ ಹತ್ತಿ ಗಡಹಿಂಗ್ಲಜ ಮುಟ್ಟಿದರೆ ಅಣ್ಣ ಬಾಯಿ ಮುಚ್ಚಬೇಕು. ಮುಟ್ಟದಿದ್ದರೆ ಅಕ್ಕ ಸ್ಟೇರಿಂಗ್ ಬಿಡಬೇಕು. ಗಾಡಿ ಭಂಗಾರಕ್ಕೆ, ಅಕ್ಕ ಹಿಂದಿನ ಸೀಟಿಗೆ.

ನಾನು ಸುಮ್ಮನಿರಬೇಕಿತ್ತು. ಸುಮ್ಮನಿರುವುದು ನನಗೆ ಬರುವುದಿಲ್ಲ. “ಸೋಮವಾರ ಅಲ್ರಿ, ರವಿವಾರನ ಓಡಿಸಿ ತೋರಸ್ತೀನಿ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ನನ್ನ ದನಿ ಕೇಳಿದ್ರ ಹೆದರಿ ಎದ್ದ ನಿಂದರತಾವ,” ಎಂದೆ. ಅವರಿಬ್ಬರೂ ಹೋದ ಮೇಲೆ ಬಾನೆಟ್ ಎತ್ತಿದೆ. ಗೇರ್‌ಬಾಕ್ಸ್ ಏಳಲಿಲ್ಲ. ನಾನೇ ಕೂತುಬಿಟ್ಟೆ.

ವಿಷಯ ಏನೆಂದರೆ, ಈ ಜಪಾನಿ ಕಂಪನಿ ಒಂದೇ ಮಾಡೆಲ್ಲಿಗೆ ಎರಡು ಬಗೆಯ ಪೆಟ್ಟಿಗೆ ಹಾಕುತ್ತಿತ್ತು. ಮೊದಲಿನ ವರ್ಷಗಳಲ್ಲಿ ನಾಲ್ಕು ಗೇರಿನದು. ಒಳಗೆ ತೆಳು ಪ್ಲೇಟುಗಳು ಒಂದಕ್ಕೊಂದು ಕಚ್ಚಿ ಹಿಡಿದು, ಒಂದು ಗೇರು ಬಿಟ್ಟು ಇನ್ನೊಂದನ್ನು ತಾವಾಗಿಯೇ ಹಿಡಿಯುತ್ತವೆ. ಆಮೇಲಿನ ವರ್ಷಗಳಲ್ಲಿ ಪಟ್ಟಿಯದು. ಅದರಲ್ಲಿ ಗೇರೇ ಇಲ್ಲ. ಎರಡು ಗಾಲಿಗಳ ನಡುವೆ ಉಕ್ಕಿನ ಪಟ್ಟಿ ಮೇಲೆ ಕೆಳಗೆ ಜಾರುತ್ತಿರುತ್ತದೆ. ಗೇರಿನದಕ್ಕೆ ಕೆಂಪು ಎಣ್ಣೆ, ಪಟ್ಟಿಯದಕ್ಕೆ ಹಸಿರು ಎಣ್ಣೆ. ಅದಲು ಬದಲಾದರೆ ಗೇರಿನ ಪ್ಲೇಟುಗಳು ಸುಡುತ್ತವೆ, ಪಟ್ಟಿಯಾದರೆ ಜಾರಿ ಗಾಲಿಯನ್ನೇ ಕೆತ್ತುತ್ತದೆ. ಈ ಕಾರು ಎರಡೂ ಬಗೆಯವು ಬರುತ್ತಿದ್ದ ನಡುಗಾಲದ್ದು. ಯಾವುದಿದೆ ಎಂದು ತಿಳಿಯದೆ ಕೈ ಹಾಕುವ ಹಾಗಿಲ್ಲ.

ಆರ್‌ಸಿ ಪುಸ್ತಕ ತೆಗೆದೆ. ‘ಆಟೋಮ್ಯಾಟಿಕ್’ ಎಂದಿತ್ತು, ಅಷ್ಟೇ. ಲಿವರಿನ ಪಕ್ಕದ ಇಂಗ್ಲಿಷ್ ಅಕ್ಷರಗಳಿಂದ ಕೆಲವು ಸಲ ಗುರುತು ಸಿಗುತ್ತದೆ. ಇಲ್ಲಿ ಆ ಅಕ್ಷರಗಳು ಸವೆದು ಹೋಗಿ, ಅಕ್ಕ ಅವುಗಳ ಜಾಗದಲ್ಲಿ ಉಗುರಿನ ಬಣ್ಣದಿಂದ ಕನ್ನಡದಲ್ಲಿ ಬರೆದುಕೊಂಡಿದ್ದರು: ‘ನಿಂದ್ರ’, ‘ಹಿಂದ’, ‘ಮುಂದ’. ಲಿವರನ್ನು ಎಳೆದು ಖಟ್ ಖಟ್ ಎಣಿಸಿದೆ. ಎರಡೂ ಬಗೆಯ ಪೆಟ್ಟಿಗೆಗೂ ಅಷ್ಟೇ ಖಟ್.

ಬಾನೆಟ್ಟಿನ ಒಳಗೆ, ಇಂಜಿನ್ನಿನ ಹಿಂದಿನ ಗೋಡೆಗೆ ಕಂಪನಿಯ ತಗಡಿನ ಫಲಕ ಇರುತ್ತದೆ. ಅದರಲ್ಲಿ ಪೆಟ್ಟಿಗೆಯ ಜಾತಿ ಗೋತ್ರ ಎಲ್ಲ ಇರುತ್ತದೆ. ಇತ್ತು. ಆದರೆ ಅದರ ಮೇಲೆ ವಿಭೂತಿ, ವಿಭೂತಿಯ ಮೇಲೆ ಕುಂಕುಮ, ಕುಂಕುಮದ ಮೇಲೆ ಮತ್ತೆ ವಿಭೂತಿ, ಗೋಡೆಗೆ ಸುಣ್ಣ ಬಳಿದ ಹಾಗೆ ಪದರ ಪದರ. ಸೀಮೆಎಣ್ಣೆ ಬಟ್ಟೆಯಿಂದ ತಿಕ್ಕಿದೆ. ಪೂಜೆ ಹೋಯಿತು, ಅದರ ಕೆಳಗೆ ಅಕ್ಷರವೇ ಇರಲಿಲ್ಲ. ಅಕ್ಕನಿಗೆ ಫೋನ್ ಮಾಡಿದೆ.

“ಅಕ್ಕಾರ, ಈ ತಗಡಿಗೂ ಪೂಜಾ ಮಾಡ್ತೀರೇನ್ರಿ?”

“ಮತ್ತ? ಅಣ್ಣನ ಶೆಡ್ಡಿನ್ಯಾಗ ಲೇಥ್ ಮಷೀನಿಗೆ, ಡ್ರಿಲ್ಲಿಗೆ, ಎಲ್ಲಾದಕ್ಕೂ ಹೆಸರಿನ ತಗಡಿಗೇ ಪೂಜಾ. ಹೆಸರು ಇದ್ದಲ್ಲೇ ದೇವ್ರು ಅಂತ ನಮ್ಮ ಅಪ್ಪಾ ಹೇಳ್ತಿದ್ದಾ. ಲಿಂಬಿಹಣ್ಣ ಹಿಂಡಿ, ಟೆಂಗಿನ ನೀರ ಹಾಕಿ, ಚಂದಂಗಿ ಮಾಡ್ತೇವಿ. ಯಾಕ್ರಿ?”

“ಏನಿಲ್ರಿ. ದೇವ್ರು ಅದಾನ, ಹೆಸರು ಹೋಗೇತಿ.”

ಆಗಲಿ, ಮೇಲಿಂದಲೇ ಪೆಟ್ಟಿಗೆ ನೋಡೋಣ ಎಂದರೆ ಬ್ಯಾಟರಿ, ಏರ್ ಫಿಲ್ಟರಿನ ಡಬ್ಬಿ, ವೈರಿನ ಜಡೆ. ಅವನ್ನೆಲ್ಲ ಸರಿಸಿದರೆ ಕಬ್ಬಿನ ಗದ್ದೆಯ ಮಣ್ಣು ಎಣ್ಣೆಯ ಜೊತೆ ಕಲೆತು ಗಟ್ಟಿ ರೊಟ್ಟಿಯಾಗಿತ್ತು. ಕೆರೆದು ಕೆರೆದು ಒಂದು ಎರಕದ ನಂಬರು ಕಾಣಿಸಿತು. ಕುಣಿದೆ. ಆಮೇಲೆ ನೆನಪಾಯಿತು, ಇಂಜಿನ್ನಿಗೆ ತಾಗುವ ಆ ಭಾಗದ ಎರಕ ಎರಡೂ ಬಗೆಗೆ ಒಂದೇ. ಕುಣಿದದ್ದನ್ನು ಯಾರೂ ನೋಡಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಕೆಳಗಿಂದ ನೋಡಿದರೆ ಎಣ್ಣೆಯ ತಟ್ಟೆಯ ಆಕಾರದಿಂದಲೇ ಗೊತ್ತಾಗುತ್ತದೆ, ಅದು ಬೆರಳಚ್ಚು ಇದ್ದ ಹಾಗೆ. ಜ್ಯಾಕ್ ಹಚ್ಚಿ, ಗೋಣಿ ಹಾಸಿ, ಟಾರ್ಚು ಹಿಡಿದು ಒಳಗೆ ಜಾರಿದೆ. ತಟ್ಟೆ ಇಲ್ಲ. ಗಾಡಿಯ ಹೊಟ್ಟೆಯುದ್ದಕ್ಕೂ ಒಂದು ದಪ್ಪ ಕಬ್ಬಿಣದ ಹಾಳೆ. ಕಬ್ಬಿನ ಟ್ರಾಲಿಯ ತಳಕ್ಕೆ ಹಾಕುತ್ತಾರಲ್ಲ, ಅದೇ ಹಾಳೆ. ಗುರ್ಹಾಳದ ಹಾದಿಯ ಕಲ್ಲು ಬಡಿಯಬಾರದು ಎಂದು ಅಣ್ಣ ತಾವೇ ಹಾಕಿಕೊಟ್ಟದ್ದಂತೆ. ಬೋಲ್ಟು ಹಾಕಿದ್ದರೆ ಬಿಚ್ಚಬಹುದಿತ್ತು. ಬೋಲ್ಟು ಸಡಿಲಾಗುತ್ತದೆ ಎಂದು ಸುತ್ತಲೂ ವೆಲ್ಡಿಂಗ್ ಎಳೆದಿದ್ದರು. ತಂಗಿಯ ಮೇಲಿನ ಪ್ರೀತಿಗೆ ಒಂದು ಇಂಚೂ ಸಂದು ಬಿಟ್ಟಿರಲಿಲ್ಲ.

ಪಕ್ಕದವನ ಕಂಪ್ಯೂಟರ್ ಸ್ಕ್ಯಾನರ್ ತಂದು ಗಾಡಿಗೆ ಚುಚ್ಚಿದೆ. ಅದು ಬಹಳ ಹೊತ್ತು ಯೋಚಿಸಿ, ಇದು ಹಾಲು ಸಾಗಿಸುವ ವ್ಯಾನು ಎಂದಿತು. ಕಂಪನಿಗೆ ಫೋನ್ ಹಚ್ಚಿದೆ. ಚೆಸ್ಸಿ ನಂಬರು ಕೇಳಿ, ಹಾಡು ಕೇಳಿಸಿ, ಕಡೆಗೊಂದು ಮೃದುವಾದ ದನಿ, “ಆ ತಿಂಗಳಿಗೆ ಎರಡೂ ತೋರಿಸುತ್ತಿದೆ ಸರ್, ಗಾಡಿ ತಂದು ಬಿಡಿ,” ಎಂದಿತು. ತರುವ ಹಾಗಿದ್ದರೆ ನಾನು ಫೋನ್ ಮಾಡುತ್ತಿದ್ದೆನೇ ತಾಯಿ!

ಕೂತರೂ ಕೂರಲಾಗದು, ನಿಂತರೂ ನಿಲ್ಲಲಾಗದು. ಗಾಣಕ್ಕೆ ಕಟ್ಟಿದ ಎತ್ತಿನ ಹಾಗೆ ಗಾಡಿಯ ಸುತ್ತ ಸುತ್ತಿದೆ. ಹಾಗೆ ಸುತ್ತುವಾಗ ತೆರೆದಿದ್ದ ಡ್ರೈವರ್ ಬಾಗಿಲು ಮೈಗೆ ತಾಗಿತು, ನೋಡಿದರೆ ಬಾಗಿಲಿನ ಅಂಚಿನಲ್ಲಿ ಒಂದು ಸ್ಟಿಕ್ಕರ್. ಅದಕ್ಕೆ ಯಾರೂ ಪೂಜೆ ಮಾಡಿರಲಿಲ್ಲ. ಅಕ್ಷರಗಳು ಅಚ್ಚುಕಟ್ಟಾಗಿದ್ದವು. ಓದಿದೆ: ಪಟ್ಟಿಯ ಪೆಟ್ಟಿಗೆ. ಎದೆಯ ಮೇಲಿನ ಕಲ್ಲು ಇಳಿಯಿತು. ಅಕ್ಕನಿಗೆ ಫೋನ್ ಮಾಡಿ, ಗಾಡಿಯನ್ನು ಮೂಸಿ ನೋಡಿಯೇ ಪತ್ತೆ ಹಚ್ಚಿದೆ ಎಂದು ಹೇಳಿದೆ.

“ಪಟ್ಟಿ ಅಂದ್ರ ಹೆಂಗ್ರಿ?” ಅಕ್ಕ ಕೇಳಿದರು.

“ಎಲ್ಲೂ ತಡಿಯೂದಿಲ್ರಿ. ಬೆಣ್ಣಿ ಮ್ಯಾಲ ಚಾಕು ಹೋದಂಗ.”

“ಖರೆ ನಮ್ಮ ಗಾಡಿ ಉಸಿರ ತಗೊತೈತೆಲ್ರಿ...”

“ಉಸಿರು ನೀವ ತಗೊಂಡಿರತೀರಿ ಅಕ್ಕಾರ. ವಯಸ್ಸಾತು,” ಎಂದು ನಕ್ಕು ಫೋನ್ ಇಟ್ಟೆ.

ಹಸಿರು ಎಣ್ಣೆ ಸಿಗುವುದು ಇಚಲಕರಂಜಿಯಲ್ಲಿ. ಅಲ್ಲಿ ಸ್ಪೇರ್ ಪಾರ್ಟ್ಸಿನ ಜೈನ ಶೇಠ ಒಬ್ಬರಿದ್ದಾರೆ, ನನ್ನ ಹಳೆಯ ದೋಸ್ತ. ಒಮ್ಮೆ ನಾನು ಅವರ ಅಂಗಡಿಗೆ ಇಲ್ಲದ ಗಾಡಿಯ ಇಲ್ಲದ ಪಾರ್ಟು ಆರ್ಡರ್ ಮಾಡಿ, ಅವರು ಮುಂಬೈಗೆಲ್ಲ ಫೋನ್ ಹಚ್ಚುವಂತೆ ಮಾಡಿದ್ದೆ. ಅದನ್ನು ಅವರು ಮರೆತಿಲ್ಲ.

“ಹಿರವಂ ಆಯಿಲ್? ನಕ್ಕಿ ಕಾ ಮಿಸ್ತ್ರಿ?” ಎಂದರು. ಹಸಿರು ಎಣ್ಣೆಯೇ, ಖಾತ್ರಿಯೇ ಎಂದು.

“ನಕ್ಕಿ ಶೇಠ.”

“ಕೆಳಗಿನ ಎಣ್ಣಿ ತಟ್ಟಿ ನೋಡೀರೇನು?”

“ಸ್ಟಿಕ್ಕರ್ ನೋಡೇನಿ.”

ಶೇಠರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. “ನೀವು ಮಸ್ಕರಿ ಮಾಡೂದಿದ್ರ ಇಷ್ಟ ಸಣ್ಣ ಮಾರಿ ಮಾಡೂದಿಲ್ಲ. ಏನೋ ಐತಿ,” ಎಂದು ಡಬ್ಬಿಗಳನ್ನು ಕಟ್ಟಿಕೊಟ್ಟರು.

ಸ್ಕೂಟರಿನ ಕಾಲ ಬಳಿ ಡಬ್ಬಿ ಇಟ್ಟುಕೊಂಡು ಹೊರಟೆ. ಯಡ್ರಾವದಲ್ಲಿ ರಸ್ತೆಯ ಪಕ್ಕದಲ್ಲೇ ಪವರ್‌ಲೂಮ್ ಶೆಡ್ಡುಗಳು. ಖಟಾಪಟಿ ಖಟಾಪಟಿ. ಆ ಸದ್ದು ಯಾವತ್ತೂ ನನಗೆ ಜೋಗುಳ. ಅವತ್ತು ಮಾತ್ರ ಪ್ರತಿ ಬಡಿತಕ್ಕೂ ನಡುವೆ ಒಂದು ಸಣ್ಣ ಖಾಲಿ ಕೇಳಿಸತೊಡಗಿತು. ಬಡಿತ, ಖಾಲಿ, ಬಡಿತ. ಉಸಿರ ತಗೊತೈತಿ, ಉಸಿರ ತಗೊತೈತಿ ಎಂದು ಲೂಮುಗಳೇ ಹೇಳಿದ ಹಾಗೆ. ಸ್ಕೂಟರಿನ ವೇಗ ಹೆಚ್ಚಿಸಿದೆ. ತಲೆಯೊಳಗಿನ ಸದ್ದು ಹಿಂದೆ ಬೀಳಲಿಲ್ಲ.

ಮರುದಿನ ಶನಿವಾರ. ಅಕ್ಕ ಬಸ್ಸು ಹತ್ತಿ ಬಂದು ನನ್ನ ಸ್ಟೂಲಿನ ಮೇಲೆ ಕೂತಿದ್ದರು. “ನನ್ನ ಗಾಡಿ, ನಾ ಇಲ್ಲದ ಆಪರೇಷನ್ ಬ್ಯಾಡ,” ಎಂದು. ಎಣ್ಣೆ ನೋಡುವ ಕಡ್ಡಿಯ ಕೊಳವೆಯಲ್ಲಿ ಸಣ್ಣ ಪೈಪು ಇಳಿಸಿ, ಪಿಚಕಾರಿಯಿಂದ ಹಳೆಯ ಎಣ್ಣೆ ಎಳೆದೆ. ಬಂದಷ್ಟು ಬಂತು. ಕೆಂಪಿತ್ತೋ ಹಸಿರಿತ್ತೋ ಹೇಳಲಾಗದಷ್ಟು ಕಪ್ಪು, ಸುಟ್ಟ ಶೇಂಗಾದ ವಾಸನೆ. ಕೊಳವೆಗೆ ಆಲಿಕೆ ಸಿಕ್ಕಿಸಿ ಹಸಿರು ಡಬ್ಬಿಯ ಮುಚ್ಚಳ ತೆರೆದು ಬಗ್ಗಿಸಿದೆ.

ಆಗ ನನ್ನ ಕೈ ತಾನಾಗಿ ನಿಂತಿತು. ನೋಡಿ, ಇದಕ್ಕೇ ಅನುಭವ ಎನ್ನುವುದು. ಬುದ್ಧಿ ಸ್ಟಿಕ್ಕರ್ ಓದುತ್ತಿತ್ತು, ಕೈ ಬೇಡ ಎಂದಿತು. ಬಗ್ಗಿದ ಡಬ್ಬಿಯಿಂದ ಒಂದಿಷ್ಟು ಎಣ್ಣೆ ಹೊರಗೆ ಚೆಲ್ಲಿ, ಅಕ್ಕನ ಊರುಗೋಲಿನ ತುದಿಯ ಬಿಳಿ ರಬ್ಬರಿಗೂ ಸಿಡಿಯಿತು. ಡಬ್ಬಿ ನೇರ ಮಾಡಿ ಕೆಳಗಿಟ್ಟೆ.

“ಅಕ್ಕಾರ, ಗಾಡಿ ಚಲೋ ಇದ್ದಾಗ ಹೆಂಗ ಓಡತಿತ್ತು? ಉಸಿರ ಅಂದ್ರೆಲ್ಲ, ಅದೇನು?”

“ಹೇಳೂದಲ್ಲ ಅದು, ಮಾಡೇ ತೋರಿಸಬೇಕು,” ಎಂದು ಅಕ್ಕ ಕೋಲನ್ನು ಗೋಡೆಗೆ ಒರಗಿಸಿ, ಎರಡೂ ಕೈಯಲ್ಲಿ ಇಲ್ಲದ ಸ್ಟೇರಿಂಗ್ ಹಿಡಿದರು. ಬಲಗಾಲು ನಿಧಾನವಾಗಿ ಒತ್ತಿತು. ಬಾಯಿಂದ ಸಣ್ಣಗೆ ‘ಊಂ’ ಶುರುವಾಯಿತು. ಏರಿತು, ಏರಿತು, ಏರಿತು. ‘ಹ್ಞ’ ಎಂದು ಒಂದು ಇಳಿತ. ಭುಜ ತುಸು ಹಿಂದೆ ಹೋಯಿತು. ಮತ್ತೆ ‘ಊಂ’, ಈ ಸಲ ಉದ್ದ. ‘ಹ್ಞ’. ಮತ್ತೆ ‘ಊಂ’, ಇನ್ನೂ ಉದ್ದ, ಗಡಹಿಂಗ್ಲಜದ ಸಪಾಟು ರಸ್ತೆ ಕಣ್ಣ ಮುಂದೆ ಬಂದ ಹಾಗೆ. ಕಡೆಯ ‘ಹ್ಞ’ ಎಷ್ಟು ಥೇಟ್ ಗಾಡಿಯ ಹಾಗೆ ಬಂತೆಂದರೆ ಪಕ್ಕದ ಶೆಡ್ಡಿನ ವೆಲ್ಡರ್ ಕನ್ನಡಕ ಎತ್ತಿ ಇಣುಕಿದ. ಆಮೇಲೆ ಒಂದೇ ಸಮ, ತಣ್ಣಗಿನ ಗುನುಗು.

“ಇನ್ನೊಮ್ಮೆ,” ಎಂದೆ.

ಇನ್ನೊಮ್ಮೆ ಮಾಡಿದರು. ಅದೇ ಮೂರು ಉಸಿರು, ಅದೇ ಜಾಗದಲ್ಲಿ. ಪಟ್ಟಿಯ ಗಾಡಿ ಉಸಿರು ತೆಗೆದುಕೊಳ್ಳುವುದಿಲ್ಲ. ಹಿಟ್ಟಿನ ಗಿರಣಿಯ ಹಾಗೆ ಒಂದೇ ಸ್ವರ ಹಿಡಿದು ಹೋಗುತ್ತದೆ. ಮೂರು ಕಡೆ ಬಿಟ್ಟು ಹಿಡಿಯುತ್ತದೆ ಎಂದರೆ ಒಳಗೆ ನಾಲ್ಕು ಗೇರು.

“ಹಂಗಾರ ಸ್ಟಿಕ್ಕರ್ ಯಾಕ ಸುಳ್ಳ ಹೇಳತೈತಿ?” ಎಂದು ಬಾಗಿಲ ಕಡೆ ಕೈ ಮಾಡಿದೆ.

“ಆ ಬಾಗಲಾ? ಅದು ಈ ಗಾಡೀದಲ್ರಿ. ಟ್ರಾಲಿ ಒರಸಿಕೊಂಡ ಹೋಗಿ ಹಳೇದು ಮುದ್ದಿ ಆಗಿತ್ತು. ಅಣ್ಣ ಭಂಗಾರದಾಗಿಂದ ಬ್ಯಾರೆ ಗಾಡೀದು ತಂದ ಹಾಕಿಸಿದಾ.”

“ಮೊದಲ ಯಾಕ ಹೇಳಲಿಲ್ರಿ!”

“ನೀವ ಮೂಸಿ ನೋಡಿ ಪತ್ತೆ ಹಚ್ಚಿದ್ರಿ ಅಂದ್ರೆಲ್ಲ ಕಾಕಾ. ಮೂಗಿಗೆ ಬಾಗಲದ ವಾಸನಿ ಬರಲಿಲ್ಲೇನು?”

ವೆಲ್ಡರ್ ಗೋಡೆ ಹಿಡಿದುಕೊಂಡು ನಕ್ಕ. ಎಡಗೈ ಪಾನಾದ ಸೇಡು ಅವತ್ತು ತೀರಿತು.

ಆದರೆ ಒಬ್ಬರ ಬಾಯಿಯ ಸದ್ದನ್ನು ನಂಬಿ ಎಣ್ಣೆ ಸುರಿಯುವುದೂ ಸ್ಟಿಕ್ಕರ್ ನಂಬಿದಷ್ಟೇ ಮೂರ್ಖತನ. ಕಣ್ಣಿಂದ ನೋಡಲೇಬೇಕು. ನೋಡಬೇಕೆಂದರೆ ಅಣ್ಣನ ಹಾಳೆ ಕೊಯ್ಯಬೇಕು. ಕೊಯ್ಯಲು ಹೋಗಿ ಎಣ್ಣೆಯ ತಟ್ಟೆಗೆ ಗ್ರೈಂಡರ್ ತಾಗಿದರೆ ಆ ತಟ್ಟೆ ಈಗ ಎಲ್ಲೂ ಸಿಗುವುದಿಲ್ಲ, ಸೋಮವಾರದ ಮಾತು ಅಲ್ಲಿಗೇ ಮುಗಿಯುತ್ತದೆ. ಹಾಳೆಯ ಒಳಗೆ ಎಲ್ಲಿ ಎಷ್ಟು ಸಂದು ಬಿಟ್ಟಿದ್ದಾರೆ ಎಂದು ಗೊತ್ತಿದ್ದವರು ಒಬ್ಬರೇ, ಹಾಕಿದವರು. ಅವರೇ ಗಾಡಿ ಭಂಗಾರಕ್ಕೆ ಹೋಗಲಿ ಎಂದು ಕಾಯುತ್ತಿರುವವರು.

ಫೋನ್ ಮಾಡಬೇಕಾಗಲಿಲ್ಲ. ಮಧ್ಯಾಹ್ನ ಅಣ್ಣ ತಾವೇ ಬಂದರು, ಜೊತೆಗೆ ಭಂಗಾರದವನು. ಭಂಗಾರದವನು ಗಾಡಿಯ ಸುತ್ತ ನಡೆದು ಟಯರಿಗೆ ಕಾಲಿನಿಂದ ಒದ್ದು ನೋಡುತ್ತಿದ್ದ.

“ಏನ್ ಮಿಸ್ತ್ರಿ, ಗೇರ್‌ಬಾಕ್ಸ್ ಎದ್ದ ನಿಂತೇತೇನು?” ಅಣ್ಣ ಕೇಳಿದರು.

ಜೀವನದಲ್ಲಿ ಅಪರೂಪಕ್ಕೆ ನಿಜ ಹೇಳಿದೆ. “ಯಾವ ಗೇರ್‌ಬಾಕ್ಸ್ ಐತಿ ಅನ್ನೂದ ನನಗಿನ್ನೂ ಖಾತ್ರಿ ಇಲ್ರಿ.”

ಅಣ್ಣ ಹೊಟ್ಟೆ ಹಿಡಿದು ನಕ್ಕರು. ಭಂಗಾರದವನೂ ನಕ್ಕ. “ನಿಮ್ಮ ಚೇಷ್ಟಾ ಬಿಡ್ರಿ. ಖರೆ ಹೇಳ್ರಿ.”

“ಇದ ಖರೆ.”

ಇನ್ನೂ ಜೋರಾಗಿ ನಕ್ಕರು. ಅಯ್ಯೋ ಪಾಪ, ನನ್ನ ಸುಳ್ಳಿಗೂ ಇಷ್ಟು ನಗು ಎಂದೂ ಸಿಕ್ಕಿರಲಿಲ್ಲ. ಏನು ಹೇಳಿದರೆ ನಂಬುತ್ತಾರೆ ಎಂದು ಯೋಚಿಸುತ್ತಿರುವಾಗ ಅಕ್ಕ ಸ್ಟೂಲಿನಿಂದ ಎದ್ದರು.

“ಅಣ್ಣಾ, ಕಾಕಾ ಮಸ್ಕರಿ ಮಾಡವಲ್ರು. ನೀ ಹಚ್ಚಿದ ಹಾಳಿ ಅಡ್ಡ ಬಂದೈತಿ. ನೀನ ಕೊಯ್ಯಿ.”

“ಭಂಗಾರಕ್ಕ ಹೋಗೂ ಗಾಡಿಗೆ ನಾ ಯಾಕ ಕೊಯ್ಲಿ?”

“ಸೋಮವಾರ ತನಕಾ ನಂದು. ಸೋತ್ರ ನಾನ ಕೀಲಿ ಕೊಡತೇನಿ. ಸೋಲೂದಾದ್ರ ಗಾಡಿ ಸೋಲ್ಲಿ, ನಿನ್ನ ಹಾಳಿ ಅಡ್ಡ ನಿಂತಿತ್ತಂತ ಬ್ಯಾಡ.”

ಅಣ್ಣ ತಂಗಿಯ ಕಾಲಿನ ಕಡೆ ಒಮ್ಮೆ, ಗಾಡಿಯ ಕಡೆ ಒಮ್ಮೆ ನೋಡಿ, ಅಂಗಿಯ ತೋಳು ಮಡಚಿದರು. ಒದ್ದೆ ಗೋಣಿಚೀಲ ಪೆಟ್ರೋಲ್ ಪೈಪಿನ ಮೇಲೆ ಹೊದಿಸಿದೆ, ಪಕ್ಕದಲ್ಲಿ ಬಕೆಟ್ಟು ನೀರು, ಬ್ಯಾಟರಿಯ ವೈರು ಬಿಚ್ಚಿದೆ. ಅಷ್ಟು ದೊಡ್ಡ ಮನುಷ್ಯ ಗಾಡಿಯ ಕೆಳಗೆ ಅಂಗಾತ ಮಲಗಿ, ತಾನೇ ಎಳೆದ ವೆಲ್ಡಿಂಗನ್ನು ತಾನೇ ಕೊಯ್ಯುವುದನ್ನು ನೋಡಲು ಬೀದಿಯೇ ಸೇರಿತು. ಕಿಡಿಗಳು ಹಾರುತ್ತಿದ್ದವು. ಕೆಳಗಿಂದ ಬೈಗುಳವೂ ಬರುತ್ತಿತ್ತು, “ಎಂಥಾ ಗಟ್ಟಿ ಹಚ್ಚೀನೋ ಮಾರಾಯಾ!” ಎಂದು ಅರ್ಧ ಬೈಗುಳ, ಅರ್ಧ ಜಂಭ. ತಟ್ಟೆಯ ಹತ್ತಿರ ಬಂದಾಗ ಗ್ರೈಂಡರ್ ಬಿಟ್ಟು ಕೈಗರಗಸದಿಂದ ಕೊಯ್ದರು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಹಾಳೆ ಇಳಿಯಿತು. ಟಾರ್ಚು ಹಿಡಿದೆ. ತಟ್ಟೆಯ ಮೂಲೆ ಕತ್ತರಿಸಿದ ಹಾಗಿದ್ದ ಆ ಆಕಾರ ನನಗೆ ಕಣ್ಣು ಮುಚ್ಚಿದರೂ ಗೊತ್ತು. ನಾಲ್ಕು ಗೇರಿನದು.

ಬೋಲ್ಟು ಬಿಚ್ಚಿ ತಟ್ಟೆ ಇಳಿಸಿದರೆ ತಳದಲ್ಲಿ ಕಾಡಿಗೆಯಂಥ ಕೆಸರು. ತಟ್ಟೆಯೊಳಗಿನ ಅಯಸ್ಕಾಂತದ ಮೇಲೆ ಬೂದು ಮೀಸೆ ಬೆಳೆದಿತ್ತು, ಆದರೆ ಅದು ನುಣ್ಣನೆಯ ಪುಡಿ, ಮುರಿದ ಚೂರು ಒಂದೂ ಇಲ್ಲ. ಒಳಗಿನದು ಸವೆದಿದೆ, ಸತ್ತಿಲ್ಲ. ಮೇಲಿದ್ದ ಫಿಲ್ಟರ್ ಹಿಂಡಿದೆ. ಎಣ್ಣೆ ಬರಲಿಲ್ಲ, ಅಂಟು ಬಂತು. ಹಾಳೆ ಹಚ್ಚಿದ ದಿನದಿಂದ ಈ ಪೆಟ್ಟಿಗೆಯ ಎಣ್ಣೆ ಬದಲಾಯಿಸಲು ಯಾರಿಗೂ ದಾರಿಯೇ ಇರಲಿಲ್ಲ. ಹೋದ ಕಡೆಯಲ್ಲೆಲ್ಲ ಮೇಲಿಂದ ಒಂದಿಷ್ಟು ಸುರಿದು ಕಳಿಸಿದ್ದರು. ಫಿಲ್ಟರ್ ಕಟ್ಟಿ, ಪಂಪಿಗೆ ಎಣ್ಣೆ ಸಿಗದೆ, ಪ್ಲೇಟುಗಳು ಹಿಡಿಯುವುದನ್ನೇ ಬಿಟ್ಟಿದ್ದವು.

“ಅಂದ್ರ,” ಅಣ್ಣ ಕೈ ಒರೆಸಿಕೊಳ್ಳುತ್ತ ನಿಧಾನವಾಗಿ ಕೇಳಿದರು, “ಗಾಡಿ ನಿಲ್ಲಿಸಿದಾಂವ ನಾನೇನು?”

ಇಂಥ ಅವಕಾಶ ನನಗೆ ಬಂಗಾರ. ಬಾಯಿ ತೆರೆದೆ. ಅಕ್ಕ ನನ್ನ ಕಡೆ ಹೇಗೆ ನೋಡಿದರೆಂದರೆ ಬಾಯಿ ಮುಚ್ಚಿದೆ.

“ಕಲ್ಲ ಬಡೀದಂಗ ಕಾದೀಯಣ್ಣಾ,” ಎಂದರು ಅಕ್ಕ. “ಇನ್ನ ಮ್ಯಾಲ ಬೋಲ್ಟ ಹಚ್ಚು.”

ಮತ್ತೆ ಇಚಲಕರಂಜಿ. ಶೇಠರು ಅಂಗಡಿ ಮುಚ್ಚುವ ಹೊತ್ತಿಗೆ ಮುಟ್ಟಿದೆ. ಬಾಯಿ ತೆರೆದ ಹಸಿರು ಡಬ್ಬಿಯನ್ನು ಕಂಡು ಅವರು ಏನೂ ಕೇಳದೆ ಕೆಂಪು ಎಣ್ಣೆ ತೆಗೆದಿಟ್ಟರು.  ಫಿಲ್ಟರ್ ಸಿಕ್ಕಿತು, ತಟ್ಟೆಯ ಅಂಚಿನಿಂದ ಎಣ್ಣೆ ಸೋರದಂತೆ ತಡೆಯುವ ಗ್ಯಾಸ್ಕೆಟ್ ಸಿಗಲಿಲ್ಲ. ಕಾರ್ಕಿನ ಹಾಳೆ ತಂದು, ತಟ್ಟೆಯ ಅಂಚಿನ ಮೇಲೆ ಹಾಸಿ, ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ನಾನೇ ಕತ್ತರಿಸಿದೆ. ಅಂಚು ಸ್ವತಃ ತನ್ನ ಗುರುತು ಕೊಯ್ದುಕೊಳ್ಳುತ್ತದೆ, ನಾವು ಅವಸರ ಮಾಡಬಾರದು ಅಷ್ಟೇ. ಅವಸರ ಮಾಡಿ ಒಂದನ್ನು ಕೆಡಿಸಿ, ಇನ್ನೊಂದನ್ನು ಕತ್ತರಿಸಿದೆ.

ರವಿವಾರ ಕೆಂಪು ಎಣ್ಣೆ ತುಂಬಿದೆ. ಒಂದು ಹೆದರಿಕೆ ಬಾಕಿ ಇತ್ತು. ಸವೆದ ಪ್ಲೇಟುಗಳು ಎಷ್ಟೋ ಸಲ ಹಳೆಯ ಎಣ್ಣೆಯ ಅಂಟಿನಿಂದಲೇ ಹಿಡಿದುಕೊಂಡಿರುತ್ತವೆ. ಹೊಸ ಎಣ್ಣೆ ಹೋದ ತಕ್ಷಣ ಪೂರಾ ಕೈಬಿಡುತ್ತವೆ. ಅಕ್ಕನಿಗೆ ಹೇಳಿದೆ. “ಗೊತ್ತಾತು, ಚಾಲೂ ಮಾಡ್ರಿ,” ಎಂದರು. ಇಂಜಿನ್ ಬಿಸಿಯಾಗಲು ಬಿಟ್ಟು, ಬ್ರೇಕ್ ತುಳಿದು, ಲಿವರನ್ನು ಒಂದೊಂದೇ ಜಾಗಕ್ಕೆ ಎಳೆದು ನಿಲ್ಲಿಸಿದೆ. ‘ಹಿಂದ’ ಹಾಕಿದೆ, ಸಣ್ಣಗೆ ಕುಲುಕಿತು. ‘ಮುಂದ’ ಹಾಕಿದೆ. ಏನೂ ಇಲ್ಲ. ಅಕ್ಕನ ಕೋಲು ನೆಲಕ್ಕೆ ಟಕ್ ಟಕ್ ಬಡಿಯುತ್ತಿತ್ತು. ನನ್ನ ಕಾಲೂ ಅದೇ ತಾಳಕ್ಕೆ ಕುಣಿಯುತ್ತಿತ್ತು. ಆಮೇಲೆ, ಮಲಗಿದ್ದ ಎಮ್ಮೆ ಮೈ ಕೊಡವಿದ ಹಾಗೆ ಗಾಡಿ ಒಮ್ಮೆ ಮುಂದಕ್ಕೆ ಜಗ್ಗಿತು.

ಸೋಮವಾರ ಅಕ್ಕ ಸ್ಟೇರಿಂಗಿನಲ್ಲಿ, ಅಣ್ಣ ಪಕ್ಕದಲ್ಲಿ, ನಾನು ಹಿಂದೆ. ಕಾಗಲ ದಾಟಿದೆವು. ಗಾಡಿ ಉಸಿರು ತೆಗೆದುಕೊಂಡಾಗೆಲ್ಲ ಅಣ್ಣನ ಕೈ ಬಾಗಿಲಿನ ಹಿಡಿಕೆ ಬಿಗಿ ಹಿಡಿಯುತ್ತಿತ್ತು. ಮುರಗೂಡದ ಪೇಟೆ ದಾಟಿ ಚಡಾವ ಶುರುವಾಯಿತು. ಮುಂದೆ ಖಾಲಿ ಟ್ರಾಲಿ, ಹಿಂದೆ ಬಸ್ಸು. ಊಂ ಏರಿತು, ಒಂದು ಉಸಿರು. ಇನ್ನೊಂದು. ಮೂರನೆಯದು ಬರಲೇ ಇಲ್ಲ. ಇಂಜಿನ್ ಒದರುತ್ತಿತ್ತು, ಸ್ಪೀಡಿನ ಮುಳ್ಳು ಮೇಲೇರುತ್ತಿರಲಿಲ್ಲ. 

“ನಿಲ್ಲಿಸು,” ಎಂದರು ಅಣ್ಣ. “ತಂಗೀ, ಹಿಂದ ಬಸ್ ಐತಿ, ಬಾಜೂಕ ತಗೋ.”

“ಸುಮ್ಕಿರಣ್ಣಾ. ಚಡಾವಕ್ಕ ಅದು ಬರೂದಿಲ್ಲ. ಯಾವತ್ತೂ ಬಂದಿಲ್ಲ. ಮ್ಯಾಲ ಹೋದಮ್ಯಾಲ ಬರತೈತಿ.”

ಏರು ಮುಗಿಯಿತು. ರಸ್ತೆ ಸಪಾಟಾಯಿತು, ಎರಡೂ ಕಡೆ ಕಬ್ಬು. ಅಕ್ಕ ಬಲಗಾಲನ್ನು ತುಸುವೇ ಸಡಿಲಿಸಿದರು.

‘ಹ್ಞ.’

ಆ ಸದ್ದು ಗಾಡಿಯದಲ್ಲ. ಅಣ್ಣನ ಬಾಯಿಂದ ಬಂದಿತ್ತು. ಗಾಡಿಯ ಉಸಿರು ಅದರ ಜೊತೆಗೇ ಬಂತು. ಅಕ್ಕ ಕನ್ನಡಿಯಲ್ಲಿ ನನ್ನನ್ನು ನೋಡಿದರು, ನಾನು ಕಿಟಕಿಯ ಆಚೆ ನೋಡಿದೆ. ಗಡಹಿಂಗ್ಲಜ ಬರುವ ತನಕ ಅಣ್ಣ ಒಪ್ಪಂದದ ಪ್ರಕಾರ ಬಾಯಿ ಮುಚ್ಚಿಕೊಂಡೇ ಇದ್ದರು. ಇಳಿಯುವಾಗ ಮಾತ್ರ, “ಬೋಲ್ಟಿನ ಹಾಳಿ ನಾಳೆ ಮಾಡಸ್ತೀನಿ,” ಎಂದರು.

ಈಗ ಲೆಕ್ಕ ಚುಕ್ತಾ ಮಾಡೋಣ. ಇಷ್ಟರಲ್ಲಿ ಒಂದು ವಿವರ ನಾನು ಕಟ್ಟಿದ್ದು. ಬಾಯಿಯ ಸದ್ದು ಎಂದುಕೊಂಡಿರಿ, ಅಲ್ಲವೇ? ಅಲ್ಲ, ಅದು ನಿಜ. ಗಡಹಿಂಗ್ಲಜಕ್ಕೆ ಹೋಗಿ ಅಕ್ಕನ ಬೆಲ್ಲದ ಅಂಗಡಿಯಲ್ಲಿ ಕೇಳಿ, ಚಹಾ ಕೊಟ್ಟು ಸದ್ದು ಮಾಡಿ ತೋರಿಸುತ್ತಾರೆ. ಪೂಜೆಯ ತಗಡೂ ನಿಜ, ಹಾಲಿನ ವ್ಯಾನೂ ನಿಜ. ಸುಳ್ಳು ಎಂದರೆ, ಆಲಿಕೆಯ ಮೇಲೆ ಡಬ್ಬಿ ಬಗ್ಗಿಸಿದಾಗ ನನ್ನ ಕೈ ತಾನಾಗಿ ನಿಂತಿತು ಎಂದೆನಲ್ಲ, ಅದು. ನನ್ನ ಕೈ ಎಲ್ಲಿ ನಿಲ್ಲಬೇಕು, ಸುರಿಯುತ್ತಿತ್ತು. ಅಕ್ಕ ಸ್ಟೂಲಿನಿಂದಲೇ ಕೋಲು ಚಾಚಿ ಅದರ ತುದಿಯನ್ನು ಆಲಿಕೆಯ ಬಾಯಿಗೆ ತುರುಕಿ, “ಕಾಕಾ, ಉಸಿರಿಂದು ನನ್ನ ಮಾತ ಇನ್ನೂ ಮುಗಿದಿಲ್ಲ,” ಎಂದರು. ಎಣ್ಣೆ ಗಾಡಿಯೊಳಗೆ ಹೋಗಲಿಲ್ಲ, ಬಿಳಿ ರಬ್ಬರಿನ ಮೇಲೆ ಹೋಯಿತು. ಸಿಡಿದ ಹನಿಯಲ್ಲ ಅದು, ತುದಿಯೆಲ್ಲ ಹಸಿರು. ಸದ್ದು ಕೇಳಿಸಿಕೊಂಡು ಮುಗಿದ ಮೇಲೆ ಒಮ್ಮೆ ಕೋಲಿನ ಕಡೆಗೂ ನೋಡಿ. ಆ ಹಸಿರು ಇನ್ನೂ ಹೋಗಿಲ್ಲ.